ಒಂದು ಕಾಯರ್, ಮೂರು ಸ್ವರಲಿಪಿ: ಪುಣೆಯ ಒಂದು ಪ್ರಕರಣ

ಪುಣೆಯ ಒಂದು ಕ್ರೈಸ್ತ ವಿದ್ಯಾಸಂಸ್ಥೆಯ ಮಾತು ಇದು. ಅಲ್ಲಿ ಪದವಿ, ಸ್ನಾತಕೋತ್ತರ ತರಗತಿಗಳಿವೆ, ಚಿಕ್ಕದೊಂದು ಸಂಗೀತ ವಿಭಾಗವಿದೆ, ಹಾಸ್ಟೆಲಿನ ಹುಡುಗ ಹುಡುಗಿಯರನ್ನೇ ನಂಬಿಕೊಂಡ ಒಂದು ಕಾಯರ್, ಅಂದರೆ ಒಟ್ಟಾಗಿ ಹಾಡುವ ತಂಡ, ಇದೆ. ಕಾಯರ್ ನಡೆಸುತ್ತಿದ್ದವರು ಧಾರವಾಡದ ಕಡೆಯ ಅಧ್ಯಾಪಕಿ. ಅವರನ್ನು ಇಲ್ಲಿ ಮೇಡಂ ಎಂದಷ್ಟೇ ಕರೆಯುತ್ತೇನೆ. ನಾನು ಅದೇ ಕಾಯರಿಗೆ ಕೀಬೋರ್ಡ್ ನುಡಿಸುತ್ತಿದ್ದೆ, ಹಾಗಾಗಿ ಪ್ರಾಕ್ಟೀಸಿನ ಬಹುಪಾಲು ನನ್ನ ಕಣ್ಣೆದುರೇ ನಡೆದದ್ದು. ಸಂಸ್ಥೆ, ಚರ್ಚಿನ ಸಭೆ, ಹುಡುಗರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬೇಕೆಂದೇ ಅದಲುಬದಲು ಮಾಡಿದ್ದೇನೆ. ಸ್ವರಗಳ ವಿಷಯದಲ್ಲಿ ಮಾತ್ರ ಏನೂ ಬದಲಿಸಿಲ್ಲ. ಕಲಿಯುವುದಕ್ಕೆ ಇರುವುದೇ ಅಲ್ಲಿ.

ಹಿನ್ನೆಲೆ

ಕಾಯರಿನಲ್ಲಿ ಸುಮಾರು ಮೂವತ್ತು ಜನ. ಒಂದು ಗುಂಪು ಮಿಜೋರಾಂ, ನಾಗಾಲ್ಯಾಂಡ್ ಕಡೆಯದು. ಇನ್ನೊಂದು ಗೋವಾದವರದು. ಉಳಿದವರು ಅಹಮದ್‌ನಗರ, ಸೊಲ್ಲಾಪುರ, ಗದಗ-ಬೆಟಗೇರಿ, ಹುಬ್ಬಳ್ಳಿ ಕಡೆಯಿಂದ ಬಂದ ಮರಾಠಿ ಮತ್ತು ಕನ್ನಡದ ಮಕ್ಕಳು. ಪುಣೆಯಲ್ಲೇ ಹುಟ್ಟಿದ ಕನ್ನಡದವರೂ ಇದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್.

ಹೊರಗಿನಿಂದ ನೋಡಿದರೆ ಎಲ್ಲರೂ ಚರ್ಚಿನಲ್ಲಿ ಹಾಡಿಕೊಂಡು ಬೆಳೆದವರೇ. ಆದರೆ ಹಾಡು ಅವರ ಕೈಗೆ ಬಂದ ದಾರಿ ಬೇರೆ ಬೇರೆ. ಮಿಜೋರಾಂಗೆ 1890ರ ದಶಕದಲ್ಲಿ ವೇಲ್ಸ್‌ನ ಮಿಷನರಿಗಳು ಟಾನಿಕ್ ಸೋಲ್ಫಾ ಎಂಬ ಸ್ವರಲಿಪಿ ತಂದರು. ದೋ, ರೆ, ಮಿ ಹೆಸರುಗಳ ಮೊದಲ ಅಕ್ಷರ, ನಡುವೆ ಕೋಲನ್ ಮತ್ತು ಅಡ್ಡಗೆರೆ, ಮುಗಿಯಿತು. ಸಾಮಾನ್ಯ ಟೈಪ್‌ರೈಟರಿನಲ್ಲೇ ನಾಲ್ಕು ಧ್ವನಿಯ ಹಾಡು (ಹೆಂಗಸರ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ; ಗಂಡಸರ ಮೇಲಿನದು ಟೆನರ್, ಕೆಳಗಿನದು ಬಾಸ್) ಅಚ್ಚಾಗುತ್ತಿತ್ತು. ಅಲ್ಲಿನ ಮಕ್ಕಳು ಇವತ್ತಿಗೂ ಅದನ್ನು ಪೇಪರ್ ಓದಿದ ಹಾಗೆ ಓದುತ್ತಾರೆ. ಈ ಪದ್ಧತಿಯಲ್ಲಿ ‘ದೋ’ ಊರೂರು ಅಲೆಯುವ ಸ್ವರ. ಮೇಜರ್ (ಶುದ್ಧ ಸ್ವರಗಳ) ಹಾಡಿನ ಕೀ, ಅಂದರೆ ಆಧಾರ ಸ್ವರ, ಯಾವುದೋ ಅದೇ ‘ದೋ’.

1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ದಾರಿ ಬೇರೆ. ಅಲ್ಲಿ ಚರ್ಚಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು ಮತ್ತು ಸೋಲ್ಫೆಜೊ (ಸ್ವರದ ಹೆಸರು ಹೇಳಿ ಓದಿ ಹಾಡುವುದು) ಕಲಿಸುವ ರೂಢಿ ಇತ್ತು. ಆ ಪರಂಪರೆಯ ಮೇಷ್ಟ್ರ ಕೈಯಲ್ಲಿ ಕಲಿತವರಿಗೆ ‘ದೋ’ ಅಂದರೆ ಪಿಯಾನೋದ ಸಿ. ಕೀ ಯಾವುದೇ ಇರಲಿ, ಅದು ಕದಲುವುದಿಲ್ಲ. ಇವರು ಓದುವುದು ಐದು ಗೆರೆಯ ಸ್ಟಾಫ್ ನೊಟೇಶನ್.

ನಮ್ಮ ಮಕ್ಕಳದು ಕಿವಿಯ ಪಾಠ. ಮರಾಠಿ ಸಭೆಗಳಲ್ಲಿ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಭಜನೆ, ಅಭಂಗಗಳು ಹಾರ್ಮೋನಿಯಂ, ತಬಲಾದ ಜೊತೆ ಬಾಯಿಂದ ಬಾಯಿಗೆ ಬಂದವು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಾಗಿನಿಂದ ಕನ್ನಡ ಸಭೆಗಳಲ್ಲಿ ಪಶ್ಚಿಮದ ಧಾಟಿಯೂ ಇದೆ, ನಮ್ಮ ರಾಗದ ಧಾಟಿಯೂ ಇದೆ. ಪುಸ್ತಕದಲ್ಲಿ ಬರೀ ಮಾತು ಇರುತ್ತದೆ, ಧಾಟಿ ಅಮ್ಮನ ಬಾಯಲ್ಲಿ. ಇವರಲ್ಲಿ ಕೆಲವರು ಹಿಂದೂಸ್ತಾನಿ ಕಲಿತಿದ್ದರು, ಸರಿಗಮ ಚೆನ್ನಾಗಿ ಗೊತ್ತಿತ್ತು.

ತೊಡಕು

ತೊಡಕು ಹೊರಬಿದ್ದದ್ದು ವರ್ಷದ ಆರಂಭದ ಒಂದು ಪ್ರಾಕ್ಟೀಸಿನಲ್ಲಿ. ಹಾಡು ಜಿ ಮೇಜರ್, ಅಂದರೆ ಆಧಾರ ಸ್ವರ ಜಿ. ಮೇಡಂ ಕೀಬೋರ್ಡ್ ಮುಚ್ಚಿಸಿ, “ಎಲ್ಲರೂ ದೋ ಹಿಡೀರಿ” ಅಂದರು. ಮಿಜೋ ಟೆನರ್‌ಗಳು ಜಿ ಹಿಡಿದರು. ಗೋವಾದ ಆಲ್ಟೊಗಳು ಸಿ ಹಿಡಿದರು. ಸೊಲ್ಲಾಪುರದ ಒಬ್ಬ ಹುಡುಗ ಅಕ್ಕಪಕ್ಕ ನೋಡಿ, ತನಗೆ ಒಗ್ಗುವ ಒಂದು ಷಡ್ಜ ಹಿಡಿದು ಕೂತ. ಮೂವರೂ ಹೇಳಿದಂತೆಯೇ ಮಾಡಿದ್ದರು!

ಸುಮ್ನೆ ನಗಬಹುದಾದ ಸಂಗತಿ. ಆದರೆ ಅದರ ಹಿಂದೆ ಒಂದು ಜಾತಿ ವ್ಯವಸ್ಥೆಯೇ ಬೆಳೆದಿತ್ತು, ಬೇರೆ ಮಾತಿಲ್ಲ. ಓದಬಲ್ಲವರು ಮುಂದಿನ ಸಾಲು, ಓದಲು ಬಾರದವರು ಹಿಂದಿನ ಸಾಲು. ಹಿಂದಿನವರು ಮುಂದಿನವರ ಸ್ವರ ಕೇಳಿಸಿಕೊಂಡು ಅರ್ಧ ಮಾತ್ರೆ ತಡವಾಗಿ ಬರುತ್ತಿದ್ದರು. ತಡವಾದದ್ದು ಗೊತ್ತಾಗಬಾರದೆಂದು ಮೆಲ್ಲಗೆ ಹಾಡುತ್ತಿದ್ದರು. ಮೆಲ್ಲಗೆ ಹಾಡಿದರೆ ಉಸಿರು ಸಡಿಲ, ಉಸಿರು ಸಡಿಲವಾದರೆ ಶ್ರುತಿ ಕೆಳಗೆ. ವಾದ್ಯವಿಲ್ಲದೆ ಹಾಡಿದ ಹಾಡು ಮುಗಿಯುವಾಗ ನಾನು ಕೀಬೋರ್ಡ್ ಮುಟ್ಟಿ ನೋಡಿದರೆ ಅರ್ಧ ಸ್ವರ ಇಳಿದಿರುತ್ತಿತ್ತು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ.

ಆಡಳಿತದವರ ಕಣ್ಣಿಗೆ ಇದಕ್ಕೆ ಪರಿಹಾರ ಸುಲಭ. ಓದಬಲ್ಲ ಹದಿನಾರು ಜನರನ್ನು ಆರಿಸಿ, ಡ್ರೆಸ್ ಹೊಲಿಸಿ, ಟೂರಿಂಗ್ ಟೀಮ್ ಮಾಡಿ ಅಂದರು. ಅಡ್ಮಿಷನ್ ಪ್ರಚಾರಕ್ಕೂ ಆಗುತ್ತದೆ. ಮೇಡಂ ಒಂದು ವರ್ಷ ಸಮಯ ಕೇಳಿದರು. ಆರಿಸಿದರೆ ಕಾಯರಿನಲ್ಲಿ ಕನ್ನಡದವರು, ಮರಾಠಿಯವರು ಒಬ್ಬರೂ ಉಳಿಯುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಮಹಾರಾಷ್ಟ್ರದ ಕಾಲೇಜಿನಲ್ಲಿ ಮಹಾರಾಷ್ಟ್ರದವರಿಲ್ಲದ ಕಾಯರ್!

ಏನೇನು ಮಾಡಿ ನೋಡಿದರು

ಮೊದಲು ಎಲ್ಲರಿಗೂ ಸ್ಟಾಫ್ ನೊಟೇಶನ್ ಪಾಠ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಡಲು ಬಂದವರನ್ನು ಬೋರ್ಡಿನ ಮುಂದೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು, ಹಾಜರಿ ಕರಗಿತು.

ಆಮೇಲೆ ಟಾನಿಕ್ ಸೋಲ್ಫಾ. ಇದು ಗೆಲ್ಲಬೇಕಿತ್ತು. ಅಲೆಯುವ ‘ದೋ’ಗೂ ನಮ್ಮ ‘ಸ’ಗೂ ಏನು ವ್ಯತ್ಯಾಸ? ಮೇಜರ್ ಹಾಡುಗಳಲ್ಲಿ ಏನೂ ಇಲ್ಲ. ದೋ ರೆ ಮಿ ಫಾ ಸೋ ಲಾ ತಿ ಅಂದರೆ ಶುದ್ಧ ಸ್ವರಗಳ ಸ ರಿ ಗ ಮ ಪ ಧ ನಿ. ನಮ್ಮ ಮಕ್ಕಳು ಒಂದೆರಡು ವಾರಗಳಲ್ಲೇ ಹಿಡಿದುಬಿಟ್ಟರು. ಹಿಂದಿನ ಸಾಲಿನಿಂದ ದನಿ ಬರತೊಡಗಿತು.

ಆಮೇಲೆ ಒಂದು ಮೈನರ್ ಹಾಡು, ಅಂದರೆ ಕೋಮಲ ಗಾಂಧಾರದ ಹಾಡು, ಬಂತು. ಸೋಲ್ಫಾ ಪದ್ಧತಿಯಲ್ಲಿ ಮೈನರಿನ ಆಧಾರ ಸ್ವರ ‘ಲಾ’. ಅಂದರೆ ನಮ್ಮ ‘ಸ’ ಇದ್ದ ಜಾಗದಲ್ಲಿ ‘ಲಾ’ ಕೂತಿರುತ್ತದೆ. ‘ದೋ’ ನಮ್ಮ ಕೋಮಲ ಗಾಂಧಾರವಾಗುತ್ತದೆ, ‘ರೆ’ ನಮ್ಮ ಮಧ್ಯಮವಾಗುತ್ತದೆ. ಹಿಂದೂಸ್ತಾನಿ ಕಲಿತ ಒಬ್ಬಳು ಹುಡುಗಿ ಕಾಗದದಲ್ಲಿ ‘ರೆ’ಯ ಅಕ್ಷರ ಕಂಡಾಗಲೆಲ್ಲ ರಿಷಭ ಹಾಡುತ್ತಿದ್ದಳು. ಪಕ್ಕದವಳು ಮಧ್ಯಮ. ಎಷ್ಟು ತಿದ್ದಿದರೂ ನಾಲಿಗೆ ಕೇಳಲಿಲ್ಲ. ಏಳೆಂಟು ವರ್ಷ ಗುರುಗಳ ಮುಂದೆ ಕೂತು ‘ರೆ’ ಅಂದರೆ ರಿಷಭ ಎಂದು ಕಲಿತ ಗಂಟಲು ಅದು. ಮೇಡಂ ಅವಳ ಪಟ್ಟಿಯಲ್ಲಿ ಪೆನ್ಸಿಲಿನಿಂದ ಅಕ್ಷರಗಳ ಮೇಲೆ ಕನ್ನಡದಲ್ಲಿ ಸ, ರಿ, ಗ ಬರೆದುಕೊಟ್ಟರು. ಅವತ್ತಿನಿಂದ ಸರಿಯಾಯಿತು. ಈ ಪೆನ್ಸಿಲ್ ಸಾಲು ಮುಂದೆ ಕೆಲಸಕ್ಕೆ ಬಂತು.

ಮೂರನೆಯ ಉಪಾಯ ವಾಟ್ಸಾಪ್. ಪ್ರತಿ ಧ್ವನಿಯ ಭಾಗವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಕಳಿಸುವುದು. ಎಲ್ಲರೂ ಇಯರ್‌ಫೋನ್ ಹಾಕಿ ಕಲಿತರು, ಮತ್ತು ಎಲ್ಲರೂ ಒಟ್ಟಿಗೆ ನಿಂತ ಕೂಡಲೇ ಮರೆತರು. ಒಂಟಿಯಾಗಿ ಕಲಿತ ಆಲ್ಟೊಗೆ ಪಕ್ಕದಲ್ಲಿ ಸೊಪ್ರಾನೊ ಹಾಡಿದರೆ ಸಾಕು, ಕಾಲು ಜಾರುತ್ತದೆ. ಕಾಯರ್ ನಡೆಸುವವರು ಈಗ ಎಲ್ಲೆಲ್ಲೂ ಮಾಡುವುದು ಇದನ್ನೇ. ಮಾತು ಮತ್ತು ಲಯಕ್ಕೆ ಅದು ಒಳ್ಳೆಯದು. ಇನ್ನೊಂದು ದನಿಯ ಎದುರು ನಿಲ್ಲುವುದನ್ನು ಅದು ಕಲಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ತಿರುವು

ಅಷ್ಟರಲ್ಲಿ ಊರಿನ ಒಂದು ಕನ್ನಡ ಸಭೆಯಿಂದ ಸುಗ್ಗಿ ಹಬ್ಬದ ಆರಾಧನೆಗೆ ಕರೆ ಬಂತು. ಅವರು ಎರಡು ಹಾಡು ಮುಂದಿಟ್ಟರು. ಒಂದು, ಇಂಗ್ಲಿಷ್ ಧಾಟಿಗೆ ಕೂರಿಸಿದ ಹಳೆಯ ಕನ್ನಡ ಗೀತೆ. ಇನ್ನೊಂದು, ಭೀಮಪಲಾಸ್ ರಾಗದ ಛಾಯೆಯ ಒಂದು ಭಜನೆ. ಕಾಯರಿಗೆ ಮೊದಲನೆಯದೇ ಸುಲಭ, ನಾಲ್ಕು ಧ್ವನಿಯ ಪ್ರತಿ ಸಿದ್ಧವಿತ್ತು. ಮೇಡಂ ಎರಡನೆಯದನ್ನು ಆರಿಸಿದರು.

ಕಾರಣ ಕೇಳಿದೆ. ಮೊದಲ ಗೀತೆ 8-6-8-6 ಅಕ್ಷರದ ಕಾಮನ್ ಮೀಟರ್. ಆ ಧಾಟಿಗಳು ಸಾಮಾನ್ಯವಾಗಿ ಎತ್ತುಗಡೆಯಿಂದ, ಪೆಟ್ಟಿಲ್ಲದ ಅಕ್ಷರದಿಂದ ಶುರುವಾಗುತ್ತವೆ. ಕನ್ನಡದ ಮಾತು ಮೊದಲ ಅಕ್ಷರದ ಮೇಲೇ ಹೆಜ್ಜೆ ಊರುತ್ತದೆ. ಹಾಗಾಗಿ ‘ಕರ್ತನೆ’ ಎಂದು ಹಾಡುವಾಗ ‘ಕರ್’ ನುಂಗಿಹೋಗಿ ‘ತ’ ಮೇಲೆ ಪೆಟ್ಟು ಬೀಳುತ್ತದೆ. “ಕನ್ನಡದವರು ಅದನ್ನ ರೂಢಿಯಿಂದ ಹಾಡ್ತಾರೆ, ನಮ್ಮ ನಾಗಾ ಹುಡುಗರು ಕಾಗದ ನೋಡಿ ಹಾಡಿದರೆ ಕನ್ನಡ ಅನ್ನಿಸೋದೇ ಇಲ್ಲ” ಅಂದರು. ಅವರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಭಜನೆಯನ್ನು ಓದಿ ಕಲಿಯಲು ಬರುವುದಿಲ್ಲ. ಈ ಒಂದು ಹಾಡಿನಲ್ಲಿ ಮುಂದಿನ ಸಾಲು ಹಿಂದಿನ ಸಾಲಿನಿಂದ ಕಲಿಯಬೇಕಾಗುತ್ತದೆ.

ಹಾಗೇ ಆಯಿತು. ಸೊಲ್ಲಾಪುರದ ಹುಡುಗನನ್ನು ಮುಂದೆ ನಿಲ್ಲಿಸಿದರು. ಭೀಮಪಲಾಸಿನ ಆರೋಹದಲ್ಲಿ ರಿಷಭ, ಧೈವತ ಇಲ್ಲ. ನಿ ಸ ಗ ಮ ಪ ನಿ ಸ. ಗಾಂಧಾರ, ನಿಷಾದ ಎರಡೂ ಕೋಮಲ. ಅದರ ಗಾಂಧಾರ ಸುಮ್ಮನೆ ಬಂದು ಕೂರುವುದಿಲ್ಲ, ಮಧ್ಯಮವನ್ನು ಸವರಿಕೊಂಡು ಇಳಿಯುತ್ತದೆ. ಮಿಜೋ ಟೆನರ್ ಅದನ್ನು ಬರೆದುಕೊಳ್ಳಲು ನೋಡಿದ. ಒಂದು ಸಲ ಎರಡು ಸ್ವರ ಬರೆದ, ಇನ್ನೊಂದು ಸಲ ಮೂರು ಬರೆದ, ಆಮೇಲೆ ಪೆನ್ಸಿಲ್ ಜೇಬಿಗಿಟ್ಟ. “ಬ್ರದರ್, ಇನ್ನೊಂದು ಸಲ” ಎಂದು ಸೊಲ್ಲಾಪುರದವನಿಗೆ ಹೇಳಿದ. ಆ ಹುಡುಗ ಕೈಯನ್ನು ಗಾಳಿಯಲ್ಲಿ ಇಳಿಜಾರಾಗಿ ಎಳೆದು ಮತ್ತೆ ಹಾಡಿ ತೋರಿಸಿದ. ಅಲ್ಲಿಂದ ಮುಂದೆ ಪ್ರಾಕ್ಟೀಸಿನ ಗಾಳಿಯೇ ಬೇರೆಯಾಯಿತು.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಒಂದಿದೆ, ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದು ಷಡ್ಜದ ಆಯ್ಕೆ. ಸಭೆಯ ಹಾರ್ಮೋನಿಯಂ ನುಡಿಸುವ ಕಾಕಾ ಆ ಭಜನೆಯನ್ನು ಕಪ್ಪು ಎರಡರಲ್ಲಿ (ಸಪ್ತಕದ ಎರಡನೆಯ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು), ಇಲ್ಲಿನವರ ಬಾಯಲ್ಲಿ ಕಾಳಿ ದೋನ್‌ನಲ್ಲಿ ನುಡಿಸುತ್ತಿದ್ದರು. ಅಂದರೆ ಇ ಫ್ಲಾಟ್. ಅದನ್ನು ಸ್ಟಾಫ್ ನೊಟೇಶನ್‌ನಲ್ಲಿ ಬರೆದರೆ ಐದು ಫ್ಲಾಟ್, ಅಂದರೆ ಅರ್ಧ ಸ್ವರ ಇಳಿಸುವ ಐದು ಗುರುತು. ಗೋವಾದ ಹುಡುಗಿಯರು ನೋಡಿಯೇ ಮುಖ ಕಿವಿಚಿದರು. ಮೇಡಂ ಷಡ್ಜವನ್ನು ಅರ್ಧ ಸ್ವರ ಇಳಿಸಿ ಬಿಳಿ ಎರಡಕ್ಕೆ, ಅಂದರೆ ಡಿಗೆ ತಂದರು. ಆಗ ಭೀಮಪಲಾಸ್ ಪೂರ್ತಿ ಬಿಳಿ ಮನೆಗಳ ಮೇಲೆ ಬಂದು ಕೂತಿತು. ಒಂದೂ ಫ್ಲಾಟ್ ಇಲ್ಲ, ಅರ್ಧ ಸ್ವರ ಏರಿಸುವ ಶಾರ್ಪ್ ಇಲ್ಲ.

ಇದರಿಂದ ಏನಾಯಿತು ನೋಡಿ. ಗೋವಾದವರಿಗೆ ಡಿ ಅಂದರೆ ‘ರೆ’, ಯಾವಾಗಲೂ. ಭೀಮಪಲಾಸ್ ಕಾಫಿ ಥಾಟಿನದು (ಥಾಟ್ ಅಂದರೆ ರಾಗಗಳನ್ನು ವಿಂಗಡಿಸುವ ಸ್ವರಗುಂಪು), ಪಶ್ಚಿಮದ ಕಣ್ಣಿಗೆ ಅದು ಡೋರಿಯನ್ ಎಂಬ ಸ್ವರಸಾಲು. ಟಾನಿಕ್ ಸೋಲ್ಫಾದಲ್ಲಿ ಡೋರಿಯನ್‌ನ ಆಧಾರ ಸ್ವರವೂ ‘ರೆ’. ಹಾಗಾಗಿ ನಮ್ಮ ‘ನಿ ಸ ಗ ಮ ಪ ನಿ ಸ’ ಇಬ್ಬರಿಗೂ ‘ದೋ ರೆ ಫಾ ಸೋಲ್ ಲಾ ದೋ ರೆ’. ಕದಲದ ‘ದೋ’, ಅಲೆಯುವ ‘ದೋ’ ಒಂದೇ ಮನೆಗೆ ಬಂದವು. ವರ್ಷದಲ್ಲಿ ಮೊದಲ ಬಾರಿಗೆ ಗೋವಾ ಮತ್ತು ಮಿಜೋರಾಂ ಒಂದೇ ಹೆಸರಿನಿಂದ ಒಂದೇ ಸ್ವರ ಹಾಡಿದವು. ಮೂರು ಭಾಷೆ ಎರಡಕ್ಕೆ ಇಳಿಯಿತು. ಪ್ರತಿಯೊಬ್ಬರ ಹಾಳೆಯಲ್ಲೂ ಎರಡು ಸಾಲು ಪೆನ್ಸಿಲ್ ಬಂತು, ಮೇಲೆ ಸರಿಗಮ, ಕೆಳಗೆ ಸೋಲ್ಫಾ.

ಕಾಕಾ ಒಪ್ಪಬೇಕಲ್ಲ. ಮೇಡಂ ಹೋಗಿ ಕೇಳಿದರು. “ಅರ್ಧ ಸುರ್ ಅಷ್ಟ ಅಲ್ರಿ ಅಕ್ಕಾರ, ನಡೀತದ. ಬೆರಳಿಗೆ ಸ್ವಲ್ಪ ಬುದ್ಧಿ ಹೇಳಬೇಕಾಗ್ತದ” ಅಂದರು. ಗಂಡಸರು, ಹೆಂಗಸರು ಒಂದು ಸಪ್ತಕದ ಅಂತರದಲ್ಲಿ ಹಾಡಲು ಕೂಡ ಡಿ ಒಗ್ಗಿತು. ಹಿಂದೂಸ್ತಾನಿ ಕಲಿತ ಹುಡುಗಿಗೆ ಮಾತ್ರ ಅದು ತುಂಬ ಮೇಲೆ. ಅವಳು ಕಾಳಿ ಪಾಚ್‌ನಲ್ಲಿ, ಅಂದರೆ ಕಪ್ಪು ಐದರಲ್ಲಿ ಹಾಡುವವಳು. ಆದರೂ ಹೊಂದಿಕೊಂಡಳು.

ಕಾರ್ಡ್‌ಗಳ ಜಗಳ

ಹಾಡಿಗೆ ನಾಲ್ಕು ಧ್ವನಿ ಕಟ್ಟುವ ಕೆಲಸ ಉಳಿಯಿತು. ಒಬ್ಬ ವಿದ್ಯಾರ್ಥಿ ಡಿ ಮೈನರ್ ಎಂದುಕೊಂಡು ಸರಾಗವಾಗಿ ಬರೆದು ತಂದ. ಸಾಲು ಮುಗಿಯುವಲ್ಲೆಲ್ಲ ಎ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು. ಅದರಲ್ಲಿ ಸಿ ಶಾರ್ಪ್ ಇದೆ, ನಮ್ಮ ಲೆಕ್ಕದಲ್ಲಿ ಶುದ್ಧ ನಿಷಾದ. ಕೋಮಲ ನಿಷಾದದ ರಾಗಕ್ಕೆ ಶುದ್ಧ ನಿಷಾದ ತಂದರೆ ಹಾಲಿಗೆ ಹುಳಿ ಹಿಂಡಿದ ಹಾಗೆ. ಪುಸ್ತಕದ ಪ್ರಕಾರ ಹುಡುಗನದು ಸರಿ. ಆದರೆ ಕನ್ನಡದ ಮಕ್ಕಳು ಆ ಜಾಗ ಬಂದಾಗಲೆಲ್ಲ ಹಾಡುವುದನ್ನೇ ನಿಲ್ಲಿಸುತ್ತಿದ್ದರು. ಯಾಕೆಂದು ಹೇಳಲು ಅವರಿಗೂ ಗೊತ್ತಾಗುತ್ತಿರಲಿಲ್ಲ.

ಮೇಡಂ ಅದನ್ನು ತೆಗೆದುಹಾಕಿದರು. ಬಾಸ್‌ಗಳು ಷಡ್ಜ, ಟೆನರ್‌ಗಳು ಪಂಚಮ ಹಿಡಿದು ನಿಲ್ಲಬೇಕು. ಆಲ್ಟೊಗಳು ನಡುವಿನ ಚರಣದಲ್ಲಿ ಮಾತ್ರ ಧಾಟಿಯ ಕೆಳಗೆ ಬೇರೆ ಸಾಲು ಹಾಡಬೇಕು. ಉಳಿದ ಕಡೆ ಎಲ್ಲರೂ ಒಂದೇ ಧಾಟಿ. ಮೊಬೈಲಿನ ತಂಬೂರಿ ಆ್ಯಪ್ ಡಿಯಲ್ಲಿ ಹಾಕಿಟ್ಟರು. ಒಳ್ಳೆಯ ಓದುಗರಾದ ಟೆನರ್‌ಗಳಿಗೆ ಬರೀ ಪಂಚಮ ಎಳೆಯುವ ಕೆಲಸ ಬೇಸರ ತಂದಿತು. ಗೋವಾದ ಇಬ್ಬರು, “ಇದರಲ್ಲಿ ನಾವು ಕಲಿಯೋದು ಏನಿದೆ?” ಎಂದು ಕಾಯರ್ ಬಿಟ್ಟರು. ಮೇಡಂ ಅವರನ್ನು ಒತ್ತಾಯ ಮಾಡಿ ಕರೆಯಲಿಲ್ಲ. ಅದು ಸರಿಯೋ ಅಲ್ಲವೋ ಎಂದು ನಮ್ಮಿಬ್ಬರ ನಡುವೆ ಇವತ್ತಿಗೂ ವಾದ ಇದೆ. ಓದಬಲ್ಲವರಿಗೂ ಆ ತಿಂಗಳು ಒಂದು ಕಷ್ಟದ ಇಂಗ್ಲಿಷ್ ಹಾಡು ಕೊಟ್ಟಿದ್ದರೆ ಅವರು ಉಳಿಯುತ್ತಿದ್ದರು ಎನ್ನುವುದು ನನ್ನ ಪಕ್ಷ.

ಆದದ್ದು

ಸುಗ್ಗಿ ಹಬ್ಬದ ದಿನ ಹಾಡು ಚೆನ್ನಾಗಿ ಬಂತು. ಶ್ರುತಿ ಒಂದಿಷ್ಟೂ ಇಳಿಯಲಿಲ್ಲ, ತಂಬೂರಿ ಇತ್ತಲ್ಲ. ಹಿಂದಿನ ಸಾಲು, ಮುಂದಿನ ಸಾಲು ಎಂಬುದೇ ಇರಲಿಲ್ಲ, ಎಲ್ಲರನ್ನೂ ಬೆರೆಸಿ ನಿಲ್ಲಿಸಿದ್ದರು. ಸಭಾಪಾಲಕರು ಮತ್ತೊಮ್ಮೆ ಹಾಡಿಸಿದರು, ಎರಡನೆಯ ಸಲ ಸಭೆಯೂ ದನಿಗೂಡಿಸಿತು. ಕಾಯರ್ ಸುಗಮವಾಗಿ ಹಾಡುತ್ತಿದ್ದ ಆಲ್ಟೊ ಚರಣ ಬಂದಾಗ ಸಭೆ ಮಾತ್ರ ಗಲಿಬಿಲಿಯಾಯಿತು. ಆಮೇಲೆ ಚಹಾ ಕುಡಿಯುವಾಗ ಗದಗ ಕಡೆಯ ಒಬ್ಬ ಅಜ್ಜಿ ಮೇಡಂ ಕೈ ಹಿಡಿದು, “ಹಾಡು ಛಲೋ ಆತು ನೋಡವಾ. ಆದ್ರ ನಡುವ ಬ್ಯಾರೆ ಧಾಟಿ ಬಂತಲ್ಲ, ಆ ಹುಡಿಗ್ಯಾರು ಮರತ್ರೇನು?” ಎಂದು ಕೇಳಿದರು. ಮೇಡಂ ನಕ್ಕು, “ಇಲ್ಲ ಆಯಿ, ಬೇಕಂತನ ಹಾಡಿದ್ರು” ಅಂದರು. ಅಜ್ಜಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಡಿಸೆಂಬರಿನ ಕ್ಯಾರಲ್ ಕಾರ್ಯಕ್ರಮದ ಫಲ ಮಿಶ್ರ. ಮೇಜರ್ ಹಾಡುಗಳು ಚೆನ್ನಾಗಿ ಬಂದವು, ಎರಡು ಸಾಲಿನ ಪೆನ್ಸಿಲ್ ಕೆಲಸ ಮಾಡಿತು. ಎಫ್‌ನಲ್ಲಿ ಇಳಿಯುತ್ತಿದ್ದ ಒಂದು ಹಾಡನ್ನು ಅರ್ಧ ಸ್ವರ ಏರಿಸಿದ ಮೇಲೆ ಇಳಿಯುವುದು ಕಡಿಮೆಯಾಯಿತು. ಕಾಯರ್ ನಡೆಸುವವರಲ್ಲಿ ಬಹಳ ಜನ ಬಳಸುವ ಉಪಾಯ ಇದು. ಮೈನರ್ ಕ್ಯಾರಲ್ ಮಾತ್ರ ಕೊನೆಗೂ ಅರ್ಧ ಸ್ವರ ಕೆಳಗೆ ಹೋಗಿಯೇ ಮುಗಿಯಿತು. ಅಲ್ಲಿ ‘ಲಾ’ ಮತ್ತು ‘ಸ’ದ ಜಗಳ ಹಾಗೇ ಇತ್ತು. ಕಾರ್ಡ್ ಬದಲಾಗುತ್ತಲೇ ಇರುವ ಹಾಡಿಗೆ ತಂಬೂರಿ ಹಾಕಲೂ ಬರುವುದಿಲ್ಲ. ಭೀಮಪಲಾಸಿನಲ್ಲಿ ದಕ್ಕಿದ ಅನುಕೂಲ ಆ ರಾಗದ್ದು, ಆ ಷಡ್ಜದ್ದು. ಅದನ್ನು ಎತ್ತಿ ಇನ್ನೊಂದು ಹಾಡಿಗೆ ಅಂಟಿಸಲು ಆಗಲಿಲ್ಲ.

ಇದರಿಂದ ಬೇರೆಯವರು ತೆಗೆದುಕೊಳ್ಳಬಹುದಾದದ್ದು ಏನು? ಕೀ ಆರಿಸುವಾಗ ಗಂಟಲನ್ನು ಮಾತ್ರ ನೋಡಿದರೆ ಸಾಲದು, ಮುಂದೆ ನಿಂತವರು ಯಾವ ಹೆಸರಿನಿಂದ ಸ್ವರ ಕರೆಯುತ್ತಾರೆ ಎಂಬುದನ್ನೂ ನೋಡಬೇಕು. ನಮ್ಮ ಕಡೆಯ ಹೆಚ್ಚಿನ ಕಾಯರುಗಳು ಹೀಗೇ ಬೆರಕೆ, ಮುಂಬೈಯಲ್ಲಂತೂ ಇನ್ನೂ ಜಾಸ್ತಿ. ವರ್ಷದಲ್ಲಿ ಒಂದು ಹಾಡಾದರೂ ಓದಿ ಕಲಿಯಲಾಗದ್ದು ಇರಬೇಕು. ಅದು ಭಜನೆಯೇ ಆಗಬೇಕಿಲ್ಲ, ಮಿಜೋ ಹಳ್ಳಿಯ ಹಾಡೂ ಆಗಬಹುದು. ಆಗ ನಮ್ಮ ಸೊಲ್ಲಾಪುರದವನು ಹಿಂದೆ ನಿಲ್ಲಲಿ, ಚಿಂತೆಯಿಲ್ಲ.

ಟೂರಿಂಗ್ ಟೀಮ್ ಕೊನೆಗೆ ಆಯಿತು. ಆಡಳಿತದವರು ಬಿಡಲಿಲ್ಲ. ಆದರೆ ಆಯ್ಕೆಯ ಪರೀಕ್ಷೆಯಲ್ಲಿ ಮೇಡಂ ಎರಡು ಭಾಗ ಇಟ್ಟರು. ಒಂದು ಸಾಲನ್ನು ಓದಿ ಹಾಡುವುದು, ಒಂದು ಸಾಲನ್ನು ಕೇಳಿ ಹಾಡುವುದು. ಎರಡಕ್ಕೂ ಸಮ ಅಂಕ. ಸೊಲ್ಲಾಪುರದವನು ಮೊದಲ ಭಾಗದಲ್ಲಿ ಜಾರಿ, ಎರಡನೆಯದರಲ್ಲಿ ಎಲ್ಲರಿಗಿಂತ ಮೇಲೆ ಬಂದು ಒಳಗೆ ಸೇರಿದ.

ಇದೇ ಪದ್ಧತಿಯನ್ನು ಸಂಗೀತ ವಿಭಾಗದ ಪ್ರಾಯೋಗಿಕ ಪರೀಕ್ಷೆಗೂ ತರಬೇಕು, ವಿದ್ಯಾರ್ಥಿ ಸ್ಟಾಫ್, ಸೋಲ್ಫಾ, ಸರಿಗಮ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ ಎಂದು ಮೇಡಂ ಪಠ್ಯಕ್ರಮ ಸಮಿತಿಯ ಮುಂದೆ ಇಟ್ಟಿದ್ದಾರೆ. ಥಿಯರಿಗೆ ಸ್ಟಾಫ್ ನೊಟೇಶನ್ ಇದ್ದೇ ಇರುತ್ತದೆ. “ಹಾಗಾದ್ರೆ ಪರೀಕ್ಷೆ ಮಾಡೋರು ಮೂರೂ ಕಲಿತಿರಬೇಕಾಗುತ್ತೆ ಅಲ್ವಾ?” ಎಂದು ಸದಸ್ಯರೊಬ್ಬರು ಕೇಳಿದರು. ಹೌದು ಎಂದರು ಮೇಡಂ. ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ.